ಎಂಟು ಗಂಟೆ ಮೂರು ನಿಮಿಷ

ತೀರ್ಪು ಬಂದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಶರ್ಟಿನ ಫ್ಯಾಕ್ಟರಿಯ ಹಿಂಬದಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಫೋನು ನೋಡುತ್ತಿದ್ದ ಕಾಲರ್ ಹೊಲಿಯುವವಳು ಇದ್ದಕ್ಕಿದ್ದ ಹಾಗೆ ಕೂಗಿಕೊಂಡಳು.

"ಬಿಟ್ಬಿಟ್ರಂತೆ ಕಣ್ರೇ! ಆ ಮೆಕ್ಯಾನಿಕ್‌ನ ಬಿಟ್ಬಿಟ್ರಂತೆ!"

ಬಾಯಿಗೆ ಹೋಗುತ್ತಿದ್ದ ತುತ್ತುಗಳು ಅರ್ಧದಲ್ಲೇ ನಿಂತವು. ಒಬ್ಬಳು ಉಣ್ಣುತ್ತಿದ್ದ ಡಬ್ಬಿಗೆ ಮುಚ್ಚಳ ಹಾಕಿಬಿಟ್ಟಳು. ಇನ್ನೊಬ್ಬಳು, "ಯಾಕಂತೆ?" ಎಂದಳು.

"ಅವತ್ತು ಬೆಳಗ್ಗೆ ಎಂಟು ಗಂಟೆ ಮೂರು ನಿಮಿಷಕ್ಕೆ ಅವನು ಇಲ್ಲಿ ಕಾರ್ಡ್ ಪಂಚ್ ಮಾಡಿದಾನಂತೆ. ಟೀಚರ್ ಕಿರುಚಿದ್ದು ಎಂಟು ಗಂಟೆಗೆ. ಅಲ್ಲಿ ಕೊಂದವನು ಮೂರೇ ನಿಮಿಷಕ್ಕೆ ಇಲ್ಲಿಗೆ ಹಾರ್ಕೊಂಡು ಬಂದ್ನಾ ಅಂತ ಜಡ್ಜು ಕೇಳಿದಾರಂತೆ."

"ಜಡ್ಜು ಹೊಟ್ಟೆ ತುಂಬಾ ತಿಂದಿರ್ಬೇಕು ಬಿಡು. ಇಲ್ಲದಿದ್ರೆ ಇಂಥಾ ಮಾತು ಬಾಯಲ್ಲಿ ಬರುತ್ತಾ?"

ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದ ಹೆಂಗಸು ತಿರುಗಿ ನೋಡಲಿಲ್ಲ. ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು. ಅವಳನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ಗೇಟಿನ ಪಕ್ಕದ ಪುಟ್ಟ ಕೋಣೆ ಅವಳದು. ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆಯಂಥ ಪಂಚ್ ಗಡಿಯಾರ, ಅದರ ಎರಡೂ ಕಡೆ ಕಾರ್ಡುಗಳ ಗೂಡು. ಕೆಲಸಕ್ಕೆ ಬಂದವರು ತಮ್ಮ ಕಾರ್ಡನ್ನು ಸೀಳಿನೊಳಗೆ ತುರುಕಿದರೆ ಟಕ್ ಎಂದು ಗಂಟೆ ನಿಮಿಷ ಅಚ್ಚಾಗುತ್ತಿತ್ತು. ಎಂಟು ಗಂಟೆ ಐದು ನಿಮಿಷದವರೆಗೆ ಕಪ್ಪು ಶಾಯಿ, ಆಮೇಲೆ ಕೆಂಪು. ಕೆಂಪು ಬಿದ್ದರೆ ಅರ್ಧ ದಿನದ ಹಾಜರಿ ಹೋಯಿತು. ತಿಂಗಳಲ್ಲಿ ನಾಲ್ಕು ಕೆಂಪು ಬಿದ್ದರೆ ಕೆಲಸವೇ ಹೋಯಿತು. ಆ ಗಡಿಯಾರದ ಬೀಗದಕೈ ಹನ್ನೊಂದು ವರ್ಷದಿಂದ ಅವಳ ಸೊಂಟದಲ್ಲಿತ್ತು.

ಸತ್ತವಳು ಊರಿನ ಶಾಲೆಯ ಒಂದನೇ ಕ್ಲಾಸಿನ ಟೀಚರ್. ಇಪ್ಪತ್ತಾರು ವರ್ಷ. ಪುಸ್ತಕಗಳಿಗೆ ರಟ್ಟು ಕಟ್ಟುವವನ ಒಬ್ಬಳೇ ಮಗಳು. ಶಾಲೆಯ ಎದುರಿಗೇ ಒಂದು ಕೋಣೆ ಹಿಡಿದು ಇದ್ದಳು. ಫ್ಯಾಕ್ಟರಿಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಒಂದು ವರ್ಷದಿಂದ ಅವಳ ಬೆನ್ನು ಬಿದ್ದಿದ್ದ. ಅವಳು ಬೇಡ ಅಂದಿದ್ದಳು. ಆಮೇಲೆ ಕಾಗದ ಬರೆದು ಬೆದರಿಸಿದ್ದ. ಅವತ್ತು ಶಾಲೆಯ ಎಂಟು ಗಂಟೆಯ ಬೆಲ್ಲು ಹೊಡೆಯುತ್ತಿದ್ದ ಹೊತ್ತಿಗೆ ಅವಳ ಕೋಣೆಯಿಂದ ಕಿರುಚಿದ್ದು ಕೇಳಿತು. ಪಕ್ಕದ ಮನೆಯವರು ಬಾಗಿಲು ತಳ್ಳಿ ಒಳಗೆ ಹೋಗುವಾಗ ಎಲ್ಲ ಮುಗಿದಿತ್ತು. ಅವಳ ಮುಷ್ಟಿಯಲ್ಲಿ ಮೆಕ್ಯಾನಿಕ್‌ಗಳ ಯೂನಿಫಾರಮ್ಮಿನ ಗುಂಡಿ ಸಿಕ್ಕಿತು. ಊರಿಗೆ ಅಷ್ಟು ಸಾಕಿತ್ತು. ಕೋರ್ಟಿಗೆ ಸಾಕಾಗಲಿಲ್ಲ. ಅಂಥ ಗುಂಡಿಗಳು ಹತ್ತು ಜನರ ಮೈಮೇಲಿದ್ದವು, ಮತ್ತು ಒಂದು ಕಾರ್ಡಿನ ಮೇಲೆ ಕಪ್ಪು ಶಾಯಿಯಲ್ಲಿ ಎಂಟು ಮೂರು ಎಂದಿತ್ತು.

ಆ ಶಾಯಿ ಸುಳ್ಳಲ್ಲ, ಸುಳ್ಳಾಗಿದ್ದದ್ದು ಗಡಿಯಾರ. ಅದು ಗೊತ್ತಿದ್ದದ್ದು ಇಬ್ಬರಿಗೇ.

ಅದು ಶುರುವಾದದ್ದು ಮೂರು ವರ್ಷದ ಹಿಂದೆ. ಫ್ಯಾಕ್ಟರಿಯ ಸೈರನ್ ಎಂಟಕ್ಕೆ, ಶಾಲೆಯ ಗೇಟು ತೆಗೆಯುವುದೂ ಎಂಟಕ್ಕೆ. ಶಾಲೆಯಿಂದ ಫ್ಯಾಕ್ಟರಿಗೆ ಬಿರಬಿರನೆ ನಡೆದರೂ ಹದಿನೈದು ನಿಮಿಷ. ಸಣ್ಣ ಮಕ್ಕಳ ತಾಯಂದಿರು ನಲವತ್ತು ಜನ ಸೇರಿ ಮ್ಯಾನೇಜರಿಗೆ ಅರ್ಜಿ ಕೊಟ್ಟರು: ನಮಗೆ ಕಾಲು ಗಂಟೆ ತಡವಾಗಿ ಬರಲು ಬಿಡಿ, ಸಂಜೆ ಕಾಲು ಗಂಟೆ ಹೆಚ್ಚು ದುಡಿಯುತ್ತೇವೆ. ಮ್ಯಾನೇಜರು, "ಮಕ್ಕಳನ್ನ ಹೆತ್ತದ್ದು ನನ್ನ ಕೇಳಿನಾ?" ಎಂದು ಅರ್ಜಿಯನ್ನು ವಾಪಸ್ ಕೊಟ್ಟ. ಒಂದು ದಿನ ತೋಳಿನ ಪಟ್ಟಿ ಹೊಲಿಯುವವಳು, ಅವಳಿ ಮಕ್ಕಳ ತಾಯಿ, ತಿಂಗಳ ಮೂರನೇ ಕೆಂಪು ಬಿದ್ದ ಕಾರ್ಡು ಹಿಡಿದುಕೊಂಡು ಗಡಿಯಾರದಕ್ಕನ ಕೋಣೆಯಲ್ಲಿ ಕೂತು ಅತ್ತಳು. "ಅಕ್ಕಾ, ಬೀದೀಲಿ ಬಿಟ್ಟು ಬರ್ಲಾ ಮಕ್ಕಳನ್ನ? ಗೇಟು ತೆಗೆಯೋ ಮುಂಚೆ ಬಿಟ್ರೆ ರಸ್ತೆಗೆ ಓಡ್ತವೆ."

ಮಾರನೆಯ ದಿನ ಬೆಳಗ್ಗೆ ಗಡಿಯಾರದಕ್ಕ ಪೆಟ್ಟಿಗೆಯ ಬೀಗ ತೆಗೆದು ಮುಳ್ಳನ್ನು ಹದಿನೆಂಟು ನಿಮಿಷ ಹಿಂದಕ್ಕೆ ತಿರುಗಿಸಿದಳು. ಎಲ್ಲರೂ ಒಳಗೆ ಹೋದ ಮೇಲೆ, ಒಂಬತ್ತು ಗಂಟೆಗೆ, ಧೂಳು ಒರೆಸುವ ನೆಪದಲ್ಲಿ ಸರಿ ಮಾಡಿದಳು. ಆಮೇಲೆ ದಿನಾ ಅದೇ ಆಯಿತು. ಆಫೀಸಿನವರು ಬರುತ್ತಿದ್ದದ್ದೇ ಹತ್ತಕ್ಕೆ. ಒಳಗಿನ ಮೇಲ್ವಿಚಾರಕಿಗೆ ಎಂಟೂವರೆಗೆ ಎಲ್ಲ ಯಂತ್ರಗಳೂ ಓಡುತ್ತಿದ್ದರೆ ಸಾಕಿತ್ತು. ಹೆಂಗಸರು ಯಾರೂ ಏನೂ ಕೇಳಲಿಲ್ಲ. ಈ ನಡುವೆ ತಮ್ಮ ಕಾಲು ಚುರುಕಾಗಿವೆ ಎಂದು ನಗಾಡಿದರು, ಅಷ್ಟೆ. ಅವಳಿ ಮಕ್ಕಳ ತಾಯಿಗೆ ಮಾತ್ರ ಅವಳೇ ಹೇಳಿದ್ದಳು. ಹೇಳದೆ ಹೋಗಿದ್ದರೆ ಆ ಪುಣ್ಯಾತಗಿತ್ತಿ ದಿನಾ ಓಡಿ ಓಡಿ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದಳು.

ಕೊಲೆಯಾದ ದಿನವೂ ಮುಳ್ಳು ಹದಿನೆಂಟು ನಿಮಿಷ ಹಿಂದೆ ಇತ್ತು. ಮೆಕ್ಯಾನಿಕ್ ಕೊನೆಯಲ್ಲಿ ಬಂದ. ಯಾವತ್ತೂ ಏಳೂಮುಕ್ಕಾಲಿಗೇ ಬರುವವನು. ಕೂದಲು ಒದ್ದೆಯಾಗಿತ್ತು, ಮುಖ ತೊಳೆದುಕೊಂಡ ಹಾಗಿತ್ತು. "ಸ್ವಲ್ಪ ಲೇಟಾಯ್ತಕ್ಕ," ಎಂದ. ಅವಳು ನಗುತ್ತಾ, "ಮಾಡಪ್ಪ ಮಾಡು, ಇನ್ನೂ ಕಪ್ಪೇ ಬೀಳುತ್ತೆ," ಎಂದಿದ್ದಳು.

ಪೊಲೀಸರು ಮೂರನೆಯ ದಿನ ಮಧ್ಯಾಹ್ನ ಬಂದು ತಮ್ಮ ವಾಚಿಗೂ ಪಂಚ್ ಗಡಿಯಾರಕ್ಕೂ ತಾಳೆ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬರೆದುಕೊಂಡು ಹೋದರು. ಎಂಟು ತಿಂಗಳ ಮೇಲೆ ಕೋರ್ಟಿನಲ್ಲಿ ಮೆಕ್ಯಾನಿಕ್‌ನ ವಕೀಲ ಅವಳನ್ನು ಕೇಳಿದ, "ಗಡಿಯಾರದ ಬೀಗದಕೈ ನಿಮ್ಮ ಹತ್ತಿರ ಮಾತ್ರ ಇದೆ ಅಲ್ವಾ? ಅದು ಸರಿಯಾದ ಟೈಮು ತೋರಿಸುತ್ತಾ?" ಕೆಳಗೆ ಮೊದಲ ಸಾಲಿನಲ್ಲಿ ಮ್ಯಾನೇಜರು ಕೂತಿದ್ದ. ಅವಳಿಗೆ ನಲವತ್ತು ಕಾರ್ಡುಗಳು ಕಣ್ಣಮುಂದೆ ಬಂದವು. "ತೋರಿಸುತ್ತೆ," ಎಂದಳು. ಸರ್ಕಾರಿ ವಕೀಲೆ ಎದ್ದು ಒಂದೇ ಪ್ರಶ್ನೆ ಕೇಳಿದಳು, "ಅವನ ಕಾರ್ಡನ್ನ ಬೇರೆ ಯಾರಾದರೂ ಪಂಚ್ ಮಾಡಿರಬಹುದಾ?" ಅದಕ್ಕೆ ಅವಳು ನಿಜವನ್ನೇ ಹೇಳಿದಳು. "ಇಲ್ಲ. ಅವನೇ ಮಾಡಿದ್ದು. ನಾನೇ ನೋಡಿದೀನಿ."

ಮೆಕ್ಯಾನಿಕ್‌ಗೆ ಶಿಕ್ಷೆ ಆಗೇ ಆಗುತ್ತದೆ, ಒಂದು ಕಾರ್ಡಿನಿಂದ ಏನಾದೀತು ಎಂದು ಅವಳು ನಂಬಿಕೊಂಡಿದ್ದಳು. ಊರೇ ಹಾಗೆ ನಂಬಿತ್ತಲ್ಲ.

ಈಗ ಊರು ಕೆಂಡವಾಯಿತು. ತೀರ್ಪು ಬಂದ ಸಂಜೆಯೇ ಕೋರ್ಟಿನ ಮುಂದೆ ಸಾವಿರ ಜನ ಸೇರಿದರು. ಮಾರನೆಯ ದಿನ ಮೂರು ಸಾವಿರ. ಅಂಗಡಿಗಳು ಬಾಗಿಲು ಹಾಕಿದವು, ಶಾಲೆಯ ಮಕ್ಕಳು ಬೀದಿಗೆ ಬಂದರು. ಗೋಡೆಗೋಡೆಗಳ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 8:03 ಎಂದು ಬರೆದರು. "ಎಂಟು ಮೂರು ಎಷ್ಟಕ್ಕೆ ಮಾರಿದ್ರಿ?" ಎಂದು ರಟ್ಟಿನ ಹಲಗೆ ಹಿಡಿದು ಹುಡುಗಿಯರು ಕೂಗಿದರು. ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಆ ಅಂಕಿ ಅವಳನ್ನೇ ನೋಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವಳು ಸೊಂಟದ ಬೀಗದಕೈ ಮುಟ್ಟಿ ಮುಟ್ಟಿ ನೋಡಿಕೊಂಡಳು. ಮೊದಲ ವಾರವೆಲ್ಲ ಮುಳ್ಳನ್ನು ಮುಟ್ಟುವುದೇ ಬೇಡ ಅಂದುಕೊಂಡಳು. ಆದರೆ ಬೆಳಗ್ಗೆ ಆಗುತ್ತಲೇ ಅವಳಿಗಳ ತಾಯಿ ಏದುಸಿರು ಬಿಡುತ್ತಾ ಬರುವುದು ನೆನಪಾಗಿ ಮತ್ತೆ ತಿರುಗಿಸಿದಳು. ಹಾಗೆ ತಿರುಗಿಸುವಾಗ ಬೆರಳು ಬೇರೆ ಯಾರದೋ ಅನ್ನಿಸುತ್ತಿತ್ತು.

ಮನೆಯಲ್ಲಿ ಅತ್ತೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಎಪ್ಪತ್ತೆಂಟರ ಮುದುಕಿಗೆ ಮಂಡಿ ಸೋತಿದ್ದವು, ನಾಲಿಗೆ ಸೋತಿರಲಿಲ್ಲ. ಬೆಳಗಿಂದ ಸಂಜೆಯವರೆಗೆ ಟಿ.ವಿ. ಮುಂದೆ ಕೂತು ಜಡ್ಜಿಗೆ ಶಾಪ ಹಾಕುವುದೇ ಅವಳಿಗೆ ಕೆಲಸವಾಯಿತು.

"ಬರೆದ ಕೈಗೆ ಹುಳ ಬೀಳ! ಅವನ ಮನೆ ದೀಪ ಆರ! ಏನೇ, ಕೇಳಿಸ್ಕೊಂಡ್ಯಾ? ಆ ಮಗೂನ ಅಪ್ಪ ಕೋರ್ಟಿನ ಮೆಟ್ಟಿಲ ಮೇಲೇ ಕೂತಿದಾನಂತೆ, ಊಟ ಬಿಟ್ಟು."

"ಕೇಳಿಸ್ತು ಅತ್ತೆ."

"ನೀನೂ ಎರಡು ಶಾಪ ಹಾಕು. ನನ್ನೊಬ್ಬಳಿಂದ ಎಷ್ಟು ಆಗುತ್ತೆ?"

ಸೊಸೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

ಭಾನುವಾರ ಜಡ್ಜಿನ ಮನೆಯ ಮುಂದೆ ಮೆರವಣಿಗೆ ಎಂದು ಗೊತ್ತಾದಾಗ ಅತ್ತೆ ಹಟ ಹಿಡಿದಳು. "ಕರ್ಕೊಂಡ್ ಹೋಗ್ತೀಯೋ, ಇಲ್ಲ ತೆವಳ್ಕೊಂಡು ಹೋಗ್ಲೋ?" ಬೇರೆ ದಾರಿ ಇರಲಿಲ್ಲ. ಮುದುಕಿಯ ರೆಟ್ಟೆ ಹಿಡಿದುಕೊಂಡು ಅವಳು ಗುಂಪಿನ ಜೊತೆ ನಡೆದಳು. ಸುತ್ತ ಎಲ್ಲರೂ, "ಎಂಟು ಮೂರು! ಎಂಟು ಮೂರು!" ಎಂದು ಕೂಗುತ್ತಿದ್ದರು. ಅತ್ತೆಯೂ ಕೂಗಿದಳು. ಸೊಸೆ ತುಟಿ ಮಾತ್ರ ಆಡಿಸಿದಳು.

ಜಡ್ಜಿನ ಮನೆ ಅವಳಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಸಣ್ಣ ಕಾಂಪೌಂಡು, ಒಣಗಲು ಹಾಕಿದ ನಾಲ್ಕು ಬಟ್ಟೆ, ಗೇಟಿನಲ್ಲಿ ಇಬ್ಬರು ಪೊಲೀಸರು. ಎಲ್ಲಿಂದಲೋ ಒಂದು ಕಲ್ಲು ಬಂತು, ಹಿಂದೆಯೇ ಇನ್ನೊಂದು. ಮುಂದಿನ ಕಿಟಕಿಯ ಗಾಜು ಪೂರ್ತಿ ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಬನಿಯನ್ನು ಹಾಕಿಕೊಂಡಿದ್ದ ತೆಳ್ಳನೆಯ ಒಬ್ಬ ಮನುಷ್ಯ ಹೊರಗೆ ಬಂದ. ಕೈಯಲ್ಲಿ ಪೊರಕೆ ಇತ್ತು. ಯಾರ ಕಡೆಯೂ ನೋಡದೆ ಗಾಜು ಗುಡಿಸತೊಡಗಿದ. ಅವನೇ ಜಡ್ಜು ಎಂದು ತಿಳಿಯಲು ಜನಕ್ಕೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಕೂಗು ಆಕಾಶಕ್ಕೆ ಮುಟ್ಟಿತು.

ಆಗ ಅತ್ತೆ ಸೊಸೆಯ ಕೈ ಕೊಡವಿ, ಬಗ್ಗಿ ಕಾಲಿನ ಚಪ್ಪಲಿ ತೆಗೆದು ಬೀಸಿದಳು. ಆ ವಯಸ್ಸಿಗೆ ಅಷ್ಟು ಗುರಿ ಎಲ್ಲಿಂದ ಬಂತೋ, ಅದು ಹೋಗಿ ಜಡ್ಜಿನ ಹೆಗಲಿಗೆ ಬಡಿಯಿತು. ಜನ ಹೋ ಎಂದರು. ಜಡ್ಜು ಚಪ್ಪಲಿ ಎತ್ತಿಕೊಂಡು ಗೇಟಿನವರೆಗೆ ಬಂದ. ಪೊಲೀಸರು ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಕಂಬಿಯ ಸಂದಿಯಿಂದ ಅದನ್ನು ಚಾಚಿದ.

"ಹಾಕ್ಕೊಳ್ಳಿ ಅಜ್ಜಿ. ಬರಿಗಾಲಲ್ಲಿ ಹೋಗಬೇಡಿ, ಗಾಜಿದೆ."

ಅತ್ತೆ ಕೈ ಚಾಚಲಿಲ್ಲ. ತೆಗೆದುಕೊಂಡವಳು ಸೊಸೆ. ತೆಗೆದುಕೊಳ್ಳುವಾಗ ಜಡ್ಜು ಅವಳ ಮುಖ ನೋಡಿದ. ಗುರುತು ಸಿಕ್ಕಿತೋ ಇಲ್ಲವೋ. ನೂರಾರು ಸಾಕ್ಷಿಗಳನ್ನು ನೋಡಿದವನು. ಆದರೆ ಅವಳು ಆ ಚಪ್ಪಲಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ಈ ಮನುಷ್ಯ ತನ್ನ ಮಾತನ್ನು ನಂಬಿದ. ನಂಬಿದ್ದು ಬಿಟ್ಟರೆ ಅವನು ಬೇರೇನೂ ತಪ್ಪು ಮಾಡಿರಲಿಲ್ಲ.

ಸೋಮವಾರ ಊಟದ ಹೊತ್ತಿಗೆ ಅವಳು ಅವಳಿಗಳ ತಾಯಿಯನ್ನು ಕಾರ್ಡಿನ ಕೋಣೆಗೆ ಕರೆದು ಬಾಗಿಲು ಹಾಕಿದಳು. "ನಾನು ಹೇಳ್ಬಿಡ್ತೀನಿ," ಎಂದಳು.

ಅವಳಿಗಳ ತಾಯಿಗೆ ಏನು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಹುಚ್ಚು ಹಿಡಿದಿದೆಯಾ ಅಕ್ಕಾ ನಿಂಗೆ? ಸುಳ್ಳು ಸಾಕ್ಷಿ ಅಂತ ಒಳಗೆ ಹಾಕ್ತಾರೆ."

"ಹಾಕ್ಲಿ."

"ನಿನ್ನ ಹಾಕ್ಲಿ, ಸರಿ. ನಾವು? ನಲವತ್ತು ಜನದ ಮೂರು ವರ್ಷದ ಕಾರ್ಡು ತೆಗೆದು ನೋಡ್ತಾರೆ. ಒಬ್ಬೊಬ್ಬರನ್ನೇ ಕರೆದು ಹೊರಗೆ ಹಾಕ್ತಾರೆ."

"ಆ ಹುಡುಗಿ ನಿನ್ನ ಮಕ್ಕಳ ಟೀಚರ್ ಕಣೇ."

"ಗೊತ್ತು!" ಅವಳು ಕೂಗಿಬಿಟ್ಟಳು, ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗೊತ್ತು ಅಕ್ಕ. ಅವತ್ತು ಬೆಲ್ಲು ಹೊಡೆದಾಗ ನಾನು ಶಾಲೆ ಗೇಟಲ್ಲೇ ಇದ್ದೆ. ಟೀಚರ್ ಇನ್ನೂ ಬಂದಿಲ್ವಾ ಅಂತ ಮಕ್ಕಳು ಕೇಳಿದ್ವು. ಬರ್ತಾರೆ ಹೋಗಿ ಅಂತ ಒಳಗೆ ತಳ್ಳಿ ಇಲ್ಲಿಗೆ ಓಡಿ ಬಂದೆ. ರಸ್ತೆ ದಾಟಿ ನೋಡಿದ್ರೆ ಏನಾಗ್ತಿತ್ತೋ. ನೀನು ಗಡಿಯಾರ ಹಿಂದಿಟ್ಟೆ, ನಾನು ಹಿಂದೆ ತಿರುಗಿ ನೋಡ್ಲಿಲ್ಲ. ಈಗ ಹೇಳಿದ್ರೆ ಅವರು ಎದ್ದು ಬರ್ತಾರಾ?"

ಮೆಕ್ಯಾನಿಕ್ಕೇ ಕೊಂದ ಎಂದು ಆಣೆ ಇಟ್ಟು ಹೇಳುವುದಕ್ಕೆ ಗಡಿಯಾರದಕ್ಕನಿಗೆ ಆಗುತ್ತಿರಲಿಲ್ಲ. ಅವನು ಕೊಲ್ಲಲಿಲ್ಲ ಎಂದು ತನ್ನ ಗಡಿಯಾರ ಹೇಳಿದ್ದು ಮಾತ್ರ ಸುಳ್ಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಮೂರು ದಿನ ಅದನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗಿದಳು. ನಾಲ್ಕನೆಯ ದಿನ ರಜೆ ಹಾಕಿ ರಟ್ಟು ಕಟ್ಟುವವನ ಅಂಗಡಿಗೆ ಹೋದಳು.

ಅವನು ಕೋರ್ಟಿನ ಮೆಟ್ಟಿಲು ಬಿಟ್ಟು ಅಂಗಡಿಗೆ ಮರಳಿ ಎರಡು ದಿನವಾಗಿತ್ತು. ಕಿರಿದಾದ ಅಂಗಡಿ, ಅಂಟಿನ ವಾಸನೆ. ಕಬ್ಬಿಣದ ಒತ್ತುಯಂತ್ರದ ಕೆಳಗೆ ದಪ್ಪ ಪುಸ್ತಕಗಳು ಒತ್ತಿಕೊಂಡಿದ್ದವು. ಅವನು ಹರಿದ ಪುಸ್ತಕವೊಂದರ ಹಾಳೆಗಳನ್ನು ದಾರದಲ್ಲಿ ಹೊಲಿಯುತ್ತಿದ್ದ. ಸೂಜಿ ತೂತಿಗೆ ಸಿಗದೆ ಎರಡು ಮೂರು ಸಲ ಜಾರಿತು.

"ಏನು ಕಟ್ಟಿಸ್ಬೇಕಮ್ಮ?"

"ಏನೂ ಇಲ್ಲಣ್ಣ. ನಾನು ಫ್ಯಾಕ್ಟರಿ ಗಡಿಯಾರದವಳು."

ಅವನ ಕೈ ನಿಂತಿತು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಮುಳ್ಳು ತಿರುಗಿಸಿದ್ದು, ಯಾಕೆ ತಿರುಗಿಸಿದ್ದು, ಅವತ್ತು ಮೆಕ್ಯಾನಿಕ್ ಒದ್ದೆ ಕೂದಲಲ್ಲಿ ಬಂದದ್ದು, ತಾನು ನಕ್ಕದ್ದು, ಕೋರ್ಟಿನಲ್ಲಿ ಅಂದದ್ದು. ಹೇಳುತ್ತಾ ಹೇಳುತ್ತಾ ಅಳು ಬಂತು. ಅಳಬಾರದು, ಇಲ್ಲಿ ಅಳುವ ಹಕ್ಕು ತನಗಿಲ್ಲ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಕೇಳಿದ, "ಎಷ್ಟು ನಿಮಿಷ ಅಂದ್ರಿ?"

"ಹದಿನೆಂಟು."

"ಹದಿನೆಂಟು," ಎಂದು ಅವನು ಹೇಳಿಕೊಂಡ. ಆಮೇಲೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟ. "ನನ್ನ ಹತ್ತಿರ ಯಾಕೆ ಬಂದ್ರಿ?"

"ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು. ನಿಮ್ಮ ಕಾಲು ಹಿಡ್ಕೋಬೇಕು ಅಂತ..."

"ಬೇಡ." ಅವನು ಕಾಲನ್ನು ಮೇಜಿನ ಕೆಳಗೆ ಎಳೆದುಕೊಂಡ. "ಇಲ್ಲಿ ಹೇಳಿ ಹಗುರ ಆಗ್ಬೇಡಿ. ನಿಮ್ಮ ಭಾರ ಇಟ್ಟುಕೊಳ್ಳೋಕೆ ನನ್ನ ಹತ್ತಿರ ಜಾಗ ಇಲ್ಲ. ಹೇಳ್ಬೇಕಾದ ಕಡೆ ಹೇಳಿ. ನಡೀರಿ."

ಅಂಗಡಿಗೆ ಬೀಗ ಹಾಕಿ ಹೊರಟ. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆಯೇ ನಡೆದ. ಅವಳು ಬೇಗ ನಡೆದರೆ ಅವನೂ ಬೇಗ ನಡೆದ. ಸರ್ಕಾರಿ ವಕೀಲೆಯ ಆಫೀಸಿನ ಬಾಗಿಲಲ್ಲಿ ನಿಂತು, "ಇವರು ಏನೋ ಹೇಳ್ಬೇಕಂತೆ," ಎಂದು ಹೊರಗಿನ ಬೆಂಚಿನ ಮೇಲೆ ಕೂತ.

ವಕೀಲೆ ಪೂರ್ತಿ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟಳು. ಅವಳಿಗೂ ಊರಿನವರು ಕಡಿಮೆ ಬೈದಿರಲಿಲ್ಲ. "ನಾನು ಗಡಿಯಾರದ ಬಗ್ಗೆ ಕೇಳಲೇ ಇಲ್ಲ," ಎಂದಳು, ತನಗೆ ತಾನೇ ಎಂಬಂತೆ. "ಪೊಲೀಸರು ನೋಡಿದಾರಲ್ಲ ಅಂತ ಬಿಟ್ಟೆ." ಆಮೇಲೆ ತಲೆ ಎತ್ತಿದಳು. "ಇದನ್ನ ಬರೆದುಕೊಂಡು ಸಹಿ ಹಾಕಿಸ್ಕೊಂಡ್ರೆ ನಿಮ್ಮ ಮೇಲೂ ಕೇಸಾಗುತ್ತೆ. ಗೊತ್ತಾ?"

"ಗೊತ್ತು ಮೇಡಮ್. ಬರ್ಕೊಳ್ಳಿ."

ಅವಳು ಮನೆಗೆ ಬರುವುದರೊಳಗೆ ಸುದ್ದಿ ಟಿ.ವಿ.ಯಲ್ಲಿ ಬಂದುಬಿಟ್ಟಿತ್ತು. ಅತ್ತೆ ಟಿ.ವಿ. ಆರಿಸಿ ಕೂತಿದ್ದಳು. ತೀರ್ಪಿನ ದಿನದಿಂದ ಅದು ಹಗಲು ಹೊತ್ತು ಆರಿದ್ದು ಅವತ್ತೇ ಮೊದಲು.

"ನೀನಾ?" ಎಂದಳು.

"ನಾನೇ ಅತ್ತೆ."

ಮುದುಕಿ ತನ್ನ ಎರಡೂ ಅಂಗೈ ನೋಡಿಕೊಂಡಳು. "ಒಂದು ತಿಂಗಳಿಂದ ಬಾಯಿಗೆ ಬಂದ ಶಾಪ ಎಲ್ಲ ಹಾಕಿದೀನಲ್ಲೇ. ಬರೆದ ಕೈಗೆ ಹುಳ ಬೀಳ್ಲಿ, ಮನೆ ದೀಪ ಆರ್ಲಿ... ಹಾಕೋದು ಕಲ್ತಿದೀನಿ, ವಾಪಸ್ ತಗೊಳ್ಳೋದು ಹೇಗೆ ಅಂತ ಯಾರೂ ಹೇಳಿಕೊಡ್ಲಿಲ್ಲ." ಆಮೇಲೆ, "ಉಂಡ್ಯಾ?" ಎಂದಳು.

ಆಮೇಲಿನದು ಒಂದರ ಹಿಂದೊಂದು ಬಂತು. ಫ್ಯಾಕ್ಟರಿಯಲ್ಲಿ ಅವಳನ್ನು ಅದೇ ವಾರ ತೆಗೆದರು. ಪಂಚ್ ಗಡಿಯಾರ ಕಿತ್ತು ಬೆರಳೊತ್ತುವ ಯಂತ್ರ ಹಾಕಿದರು. ಅದಕ್ಕೆ ಮುಳ್ಳೂ ಇರಲಿಲ್ಲ, ಬೀಗದಕೈಯೂ ಇರಲಿಲ್ಲ. ಎರಡು ತಿಂಗಳಲ್ಲಿ ಹದಿಮೂರು ಜನ ತಾಯಂದಿರು ಕೆಲಸ ಬಿಟ್ಟರು. ಕಾಲರ್ ಹೊಲಿಯುವವಳು ಸಂತೆಯಲ್ಲಿ ಎದುರಾದಾಗ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ನಮ್ಮ ಹೊಟ್ಟೆ ಮೇಲೆ ಹೊಡೆದು ದೊಡ್ಡ ಮನುಷ್ಯೆ ಆದ್ಯಲ್ಲಕ್ಕ," ಎಂದು ಹೋದಳು. ಗಡಿಯಾರದಕ್ಕನ ಮನೆಯ ಬಾಗಿಲ ಮೇಲೆ ಒಂದು ಬೆಳಗ್ಗೆ ಕೆಂಪು ಬಣ್ಣದಲ್ಲಿ 8:03 ಎಂದು ಬರೆದಿತ್ತು. ಸೊಸೆ ಅಳಿಸಲು ಹೋಗಲಿಲ್ಲ. ಅತ್ತೆಯೇ ಕುರ್ಚಿ ಹಾಕಿಕೊಂಡು ಕೂತು, ಬೈಯುತ್ತಾ ಬೈಯುತ್ತಾ ಉಜ್ಜಿದಳು. ಯಾರನ್ನು ಬೈಯುತ್ತಿದ್ದಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಜಡ್ಜಿಗೆ ಕ್ಷಮೆ ಕೇಳಬೇಕೆಂದು ಅವಳು ಒಂದು ದಿನ ಆ ಮನೆಗೆ ಹೋದಳು. ಕಿಟಕಿಗೆ ಗಾಜಿನ ಬದಲು ಹಲಗೆ ಹೊಡೆದಿತ್ತು. ಬಾಗಿಲಿಗೆ ಬೀಗ. ವರ್ಗ ಮಾಡಿಸಿಕೊಂಡು ಹೋದರು, ಎಲ್ಲಿಗೆ ಅಂತ ಹೇಳಿಹೋಗಲಿಲ್ಲ ಎಂದು ಪಕ್ಕದ ಮನೆಯವರು ಅಂದರು. ಕಲ್ಲು ಹೊಡೆದವರಲ್ಲಿ ಒಬ್ಬರೂ ಆ ಕಡೆ ಮತ್ತೆ ಸುಳಿದಿರಲಿಲ್ಲ.

ಮೇಲಿನ ಕೋರ್ಟು ಹಳೆಯ ತೀರ್ಪನ್ನು ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಎಂದು ಕಳಿಸಿತು. ಹೊಸ ಜಡ್ಜಿನ ಮುಂದೆ ಅವಳು ಎರಡನೆಯ ಸಲ ಕಟಕಟೆಯಲ್ಲಿ ನಿಂತಳು. ಮೆಕ್ಯಾನಿಕ್‌ನ ವಕೀಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದ.

"ಹೋದ ಸಲ ಇಲ್ಲೇ ನಿಂತು ಪ್ರಮಾಣ ಮಾಡಿದ್ರಿ ಅಲ್ವಾ?"

"ಮಾಡಿದ್ದೆ."

"ಪ್ರಮಾಣ ಮಾಡಿ ಸುಳ್ಳು ಹೇಳಿದ್ರಿ."

"ಹೌದು."

"ಜನ ಕಲ್ಲು ಹೊಡೆಯೋದು ನೋಡಿ ಹೆದರಿ ಇವತ್ತು ಇನ್ನೊಂದು ಸುಳ್ಳು ಹೇಳ್ತಿಲ್ಲ ಅಂತ ಹೇಗೆ ನಂಬೋದು?"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವಳ ನಿಜಕ್ಕೆ ಈಗ ಬೆಲೆ ಇರಲಿಲ್ಲ. ಹೊಸ ಜಡ್ಜು, "ಬೇರೆ ಯಾರಾದರೂ ಇದನ್ನು ಹೇಳುವವರಿದ್ದಾರಾ?" ಎಂದು ಸರ್ಕಾರಿ ವಕೀಲೆಯನ್ನು ಕೇಳಿದ. ಫ್ಯಾಕ್ಟರಿಯ ಹೆಂಗಸರು ಒಬ್ಬರೂ ಬರಲು ಒಪ್ಪಿರಲಿಲ್ಲ. ಒಂದು ವಾರದ ಗಡುವು ಸಿಕ್ಕಿತು.

ಆರನೆಯ ದಿನ ಅವಳಿಗಳ ತಾಯಿ ತಾನಾಗಿಯೇ ವಕೀಲೆಯ ಆಫೀಸಿಗೆ ಹೋದಳು. ಯಾರೂ ಕರೆದಿರಲಿಲ್ಲ. ಮಾರನೆಯ ದಿನ ಕೋರ್ಟಿನಲ್ಲಿ, ಮನೆಯಲ್ಲಿ ನೂರು ಸಲ ಹೇಳಿಕೊಂಡು ಬಂದವಳ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು.

"ಶಾಲೆ ಗೇಟಲ್ಲಿ ಮಕ್ಕಳನ್ನ ಬಿಡುವಾಗ ತಾಯಂದಿರು ಪುಸ್ತಕದಲ್ಲಿ ಸಹಿ ಹಾಕ್ಬೇಕು ಸ್ವಾಮಿ. ಗೇಟು ತೆಗೆಯೋದೇ ಎಂಟರ ಬೆಲ್ಲಿಗೆ. ಅವತ್ತಿನ ಪುಟದಲ್ಲಿ ನನ್ನ ಸಹಿ ಇದೆ, ತೆಗೆಸಿ ನೋಡಿ. ಅಲ್ಲಿಂದ ಫ್ಯಾಕ್ಟರಿಗೆ ಹದಿನೈದು ನಿಮಿಷ. ಅವತ್ತಿನ ನನ್ನ ಕಾರ್ಡಲ್ಲಿ ಏಳು ಐವತ್ತೆಂಟು ಅಂತಿದೆ. ನಾನು ಹೊರಡೋಕೆ ಮುಂಚೆನೇ ಬಂದು ಮುಟ್ಟಿದೀನಿ. ಹೇಗೆ ಅಂತ ಅವರ ವಕೀಲರೇ ಹೇಳ್ಲಿ."

ಶಾಲೆಯ ಪುಸ್ತಕ ಬಂತು, ಕಾರ್ಡು ಬಂತು. ಜಡ್ಜು ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಎಂಟು ಮೂರು ಎಂಬ ಗೋಡೆ ಅಲ್ಲಿಗೆ ಬಿತ್ತು. ಅದು ಬಿದ್ದ ಮೇಲೆ ಕಾಗದಗಳು, ಗುಂಡಿ, ಒದ್ದೆ ಕೂದಲು ಎಲ್ಲಕ್ಕೂ ಬಲ ಬಂತು. ಮೆಕ್ಯಾನಿಕ್‌ನ ಮನೆಯ ಹಿತ್ತಿಲಿನಲ್ಲಿ ಹೂತಿಟ್ಟಿದ್ದ, ಎದೆಯ ಗುಂಡಿ ಕಿತ್ತುಬಂದ ಅಂಗಿ ಸಿಕ್ಕಿದ್ದು ಆಮೇಲೆ. ಅದನ್ನು ತೋರಿಸಿದವಳು ಅವನ ಸ್ವಂತ ತಂಗಿ. ಅವನಿಗೆ ಜೀವಾವಧಿಯಾಯಿತು.

ಆ ದಿನ ಕೋರ್ಟಿನ ಹೊರಗೆ ಜನ ಕುಣಿದರು. ಗಡಿಯಾರದಕ್ಕ ರಸ್ತೆಯ ಆಚೆ ಬದಿ ನಿಂತಿದ್ದಳು. ಹಿಂದೊಮ್ಮೆ ರಟ್ಟಿನ ಹಲಗೆ ಹಿಡಿದು ಕೂಗಿದ್ದ ಹುಡುಗಿಯೊಬ್ಬಳು ಅವಳನ್ನು ಗುರುತು ಹಿಡಿದು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಆಂಟಿ, ನಿಮ್ಮಿಂದಾನೇ ನ್ಯಾಯ ಸಿಕ್ಕಿದ್ದು! ಎಷ್ಟು ಧೈರ್ಯ ಆಂಟಿ ನಿಮಗೆ!"

ಇನ್ನೂ ನಾಲ್ಕು ಜನ ಬಂದು ಸುತ್ತುವರಿದರು. ಯಾರೋ ಫೋಟೋ ತೆಗೆದರು. ಬಾಗಿಲ ಮೇಲೆ ಬಣ್ಣ ಬಳಿದದ್ದನ್ನು ತಡೆದುಕೊಂಡಿದ್ದವಳಿಗೆ ಇದನ್ನು ತಡೆಯಲಾಗಲಿಲ್ಲ. "ಬಿಡೀಮ್ಮಾ, ಕೈ ಬಿಡಿ," ಎಂದು ಬಿಡಿಸಿಕೊಂಡಳು. ಜನರ ತಲೆಗಳ ಮೇಲಿಂದ ರಟ್ಟು ಕಟ್ಟುವವನು ಕಂಡ. ಅವನನ್ನು ಎತ್ತಿಕೊಳ್ಳಲು ಹೋದವರನ್ನು ಅವನೂ ಕೈಯಾಡಿಸಿ ದೂರ ಮಾಡುತ್ತಿದ್ದ. ಅವನ ಕಣ್ಣು ಒಮ್ಮೆ ಅವಳ ಮೇಲೆ ಬಿತ್ತು. ಗುರುತು ಸಿಕ್ಕಿದ ಹಾಗೆ ನಿಂತಿತು. ಆಮೇಲೆ ಬೇರೆ ಕಡೆ ಹೋಯಿತು. ಅಷ್ಟೇ. ಅದಕ್ಕಿಂತ ಹೆಚ್ಚನ್ನು ಅವಳೂ ಬಯಸಿರಲಿಲ್ಲ.

ಅವಳ ಸ್ವಂತ ಕೇಸು ಬಂದದ್ದು ಮುಂದಿನ ತಿಂಗಳು, ಕೋರ್ಟಿನ ಹಿಂಭಾಗದ ಸಣ್ಣ ಹಾಲಿನಲ್ಲಿ. ವಕೀಲರು ಬೇಡ ಎಂದಿದ್ದಳು. ಕುರ್ಚಿಗಳು ಖಾಲಿ. ಅತ್ತೆ ಮತ್ತು ಅವಳಿಗಳ ತಾಯಿ ಇಬ್ಬರೇ ಕೂತಿದ್ದರು. ಹೊರಗೆ ಕೂಗೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಮ್ಯಾಜಿಸ್ಟ್ರೇಟು ಒಂದೂವರೆ ಪುಟ ಓದಿದ. ತಾನಾಗಿಯೇ ಮುಂದೆ ಬಂದಿದ್ದಾಳೆ, ಸ್ವಂತ ಲಾಭಕ್ಕೆ ಮಾಡಿದ್ದಲ್ಲ ಎಂದೆಲ್ಲ ಹೇಳಿ, "ಮೂರು ತಿಂಗಳು," ಎಂದ.

"ಅಷ್ಟೇನಾ ಸ್ವಾಮಿ?"

ಮ್ಯಾಜಿಸ್ಟ್ರೇಟು ಕನ್ನಡಕದ ಮೇಲಿಂದ ನೋಡಿದ. "ಏನಮ್ಮ, ತಮಾಷೆ ಮಾಡ್ತಿದೀರಾ?"

"ಇಲ್ಲ ಸ್ವಾಮಿ," ಎಂದಳು. "ಇಲ್ಲ," ಎಂದು ಮತ್ತೊಮ್ಮೆ ಹೇಳಿ ಕೈ ಮುಗಿದಳು.

ಹೊರಗೆ ಪೊಲೀಸ್ ಹೆಂಗಸು ಐದು ನಿಮಿಷ ಮಾತಾಡಿಕೊಳ್ಳಲು ಬಿಟ್ಟಳು. ಅತ್ತೆ ಒಂದು ಚೀಲ ತಂದಿದ್ದಳು, ಎರಡು ಸೀರೆ, ಬಾಚಣಿಗೆ, ಒಂದು ಹೊದಿಕೆ. "ಮೂರು ತಿಂಗಳು ಅಂದ್ರೆ ಏನು ಮಹಾ. ನಿನ್ನ ಮಾವ ಒಮ್ಮೆ ಮುನಿಸ್ಕೊಂಡು ಆರು ತಿಂಗಳು ಹೋಗಿದ್ದ, ಹೇಳದೆ ಕೇಳದೆ," ಎಂದಳು. ಚೀಲದ ಬಾಯಿ ಕಟ್ಟಿದಳು. "ನಾನು ಅಷ್ಟರಲ್ಲಿ ಸಾಯಲ್ಲ. ನೀನು ಅದನ್ನ ಯೋಚ್ನೆ ಮಾಡ್ಬೇಡ."

ಅವಳಿಗಳ ತಾಯಿಯ ಕೆಲಸವೂ ಹೋಗಿತ್ತು. ಈಗ ಅವಳು ಮುದುಕಿಯ ರೆಟ್ಟೆಗೆ ಕೈ ಹಾಕಿ, "ಅತ್ತೇನ ನಾನು ನೋಡ್ಕೋತೀನಿ," ಎಂದಳು. "ನೀನು ಹೋಗಿ ಬಾ."

ಇಬ್ಬರೂ ನಿಧಾನಕ್ಕೆ ಮೆಟ್ಟಿಲಿಳಿದು ರಸ್ತೆಗೆ ಹೋದರು. ಮುದುಕಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಸೊಸೆ ಚೀಲ ಎತ್ತಿಕೊಂಡು ವ್ಯಾನು ಹತ್ತಿದಳು.